ಗೋಡೆಯಾಚೆಯ ಎಡೆ

ಜಯನಗರದಲ್ಲಿ ನಾವು ಮನೆ ಕಟ್ಟಿದಾಗ ಸುತ್ತಲಿನ ರಾಗಿ ಹೊಲಗಳ ಗುರುತು ಇನ್ನೂ ಅಳಿದಿರಲಿಲ್ಲ. ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮ ನಿವೇಶನದ ಹಿಂಬದಿಯ ಮೂಲೆಯಲ್ಲಿ, ಹೊಂಗೆ ಮರದ ಕೆಳಗೆ, ಒಂದು ಮಣ್ಣಿನ ಗುಡ್ಡೆಯಿತ್ತು. ಅದರ ತಲೆಯ ಕಡೆ ಒಂದು ಕಲ್ಲು. ಬೈರಸಂದ್ರದ ಬೈರಣ್ಣ ತನ್ನ ಹೆಂಡತಿ ಸೊಣ್ಣಮ್ಮನನ್ನು ಮಣ್ಣು ಮಾಡಿದ ಜಾಗ ಅದು. ಆಕೆ ತೀರಿಕೊಂಡಾಗ ಅದು ಅವರ ಹೊಲ. ಆಮೇಲೆ ಹೊಲ ಬಡಾವಣೆಗೆ ಹೋಗಿ, ಆ ಮೂಲೆ ನಮ್ಮ ಪಾಲಿಗೆ ಬಂತು. ಮಲಗಿದವರನ್ನು ಕದಲಿಸಬಾರದೆಂದು ನನ್ನ ಹೆಂಡತಿ ಕಮಲಾದೇವಿ ಗಾರೆಯವರಿಗೆ ಮೊದಲ ದಿನವೇ ಹೇಳಿದ್ದಳು. ಈಗ ಅವಳೂ ಲಿಂಗೈಕ್ಯಳಾಗಿದ್ದಾಳೆ. ಬೆಳಿಗ್ಗೆ ಪೂಜೆಗೆ ಕೂತಾಗ ಅವಳ ಮಾತುಗಳೇ ಹೆಚ್ಚು ಕೇಳುತ್ತವೆ. ಶಿವನು ಅದನ್ನು ಮನ್ನಿಸಲಿ.

ನಾನು ಆಗ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಆ ವಾರದ ಪಾಠದಲ್ಲಿ ‘ಆಫರ್’ ಎಂಬ ಪದ ಬಂದಿತ್ತು. ಬಸ್ಸಿನಲ್ಲಿ ಮುದುಕರಿಗೆಂದು ಎದ್ದು ನಿಲ್ಲುವವನೂ ಆಫರ್ ಮಾಡುತ್ತಾನೆ, ಸಂತೆಯಲ್ಲಿ ಎತ್ತಿಗೆ ಬೆಲೆ ಹೇಳುವವನೂ ಆಫರ್ ಮಾಡುತ್ತಾನೆ, ದೇವರಿಗೆ ಹೂವು ಏರಿಸುವವಳೂ ಅದನ್ನೇ ಮಾಡುತ್ತಾಳೆ. ಕನ್ನಡದಲ್ಲಿ ಒಂದೊಂದಕ್ಕೂ ಬೇರೆ ಮಾತು ಬೇಕು. ಮನೆಗೆ ಬಂದು ಇದನ್ನು ವಿಸ್ತಾರವಾಗಿ ಹೇಳಿದೆ. ಕಮಲಾದೇವಿ ಹುರುಳಿಕಾಯಿ ಮುರಿಯುತ್ತಿದ್ದಳು.

“ಎಲ್ಲದರಲ್ಲೂ ನಮ್ಮದನ್ನ ಎದುರಿಗಿರೋರ ಮುಂದೆ ಇಡ್ತೀವಿ, ಅಷ್ಟೇ ತಾನೇ? ತಗೊಳ್ಳೋದು ಬಿಡೋದು ಅವರಿಗೆ ಸೇರಿದ್ದು. ಇಷ್ಟು ಹೇಳೋಕೆ ಇಂಗ್ಲಿಷ್ ಮೇಷ್ಟ್ರು ಬೇಕಾ?” ಎಂದಳು.

ಅಷ್ಟರಲ್ಲಿ ಬೈರಣ್ಣ ಬಂದ. ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದು ಅಂಗಳದಲ್ಲೇ ನಿಂತ.

“ಮೇಷ್ಟ್ರೇ, ನಾಡಿದ್ದು ಮಾಲಯ ಅಮಾಸೆ. ಸೊಣ್ಣಿಗೆ ಎಡೆ ಇಡಬೇಕು.”

ತೀರಿಕೊಂಡವರಿಗೆ ಇಷ್ಟವಾದ ಅಡುಗೆಯನ್ನು ಎಲೆಯಲ್ಲಿ ಬಡಿಸಿ ಅವರ ಹೆಸರಿನಲ್ಲಿ ಇಡುವುದು ಬೈರಣ್ಣನ ಕಡೆಯವರ ಪದ್ಧತಿ. ಧಾರಾಳವಾಗಿ ಬನ್ನಿ ಎಂದೆ.

“ಒಂದು ಮಾತು ಮುಂಚೇನೇ ಹೇಳ್ಬುಡ್ತೀನಿ. ಎಡೇಲಿ ಬಾಡಿರ್ತದೆ. ಕೋಳಿ ಸಾರು.”

ನಾವು ಲಿಂಗ ಧರಿಸುವವರು. ಬಾಡು ನಮ್ಮ ಹೊಸ್ತಿಲ ಹತ್ತಿರವೂ ಸುಳಿದದ್ದಿಲ್ಲ. “ಬೈರಣ್ಣ, ಅದೊಂದು ಬೇಡ. ಪಾಯಸ, ವಡೆ, ಕಡುಬು ಏನು ಬೇಕಾದ್ರೂ ಇಡಿ. ನಮ್ಮನೇಲೇ ಮಾಡಿಕೊಡ್ತೀವಿ” ಎಂದೆ.

ಬೈರಣ್ಣ ನಕ್ಕುಬಿಟ್ಟ. “ಸೊಣ್ಣಿಗೆ ಪಾಯ್ಸಾನಾ? ಸೊಪ್ಪಿನ ಸಾರು ಬಡಿಸಿದ್ರೆ ‘ನಾನೇನು ಹಸಾನಾ’ ಅಂತ ತಟ್ಟೆ ತಳ್ಳೋಳು.” ನಗು ಹಾಗೇ ನಿಂತಿತು. “ಕಾಯ್ಲೇಲಿ ಬರೀ ಗಂಜಿ, ಮೇಷ್ಟ್ರೇ. ಡಾಕ್ಟ್ರು ಬೇರೇದು ಕೊಡಬ್ಯಾಡಿ ಅಂದಿದ್ರು. ಕೋಳಿ ಸಾರು, ಕೋಳಿ ಸಾರು ಅಂತ ಕೇಳ್ಕೊಂಡೇ ಹೋದ್ಲು. ಹೋದ ವರ್ಷ ಇಡೋಣ ಅಂದ್ರೆ ನಮ್ಮಣ್ಣ ತೀರ್ಕೊಂಡು ಸೂತಕ ಆಗೋಯ್ತು. ಇದೇ ಮೊದಲ್ನೇದು.”

“ಮನೇಲೇ ಇಡೋಕಾಗಲ್ವಾ?”

“ಮೊದಲ್ನೇ ಎಡೆ ಗುಡ್ಡೆ ಮುಂದೇನೇ. ನಮ್ಮಲ್ಲಿ ಹಂಗೇ ಬಂದಿರೋದು.” ಟವೆಲ್ ಮತ್ತೆ ಹೆಗಲಿಗೆ ಹಾಕಿಕೊಂಡ. “ಪಾಯ್ಸ ಇಟ್ಟು, ಬಾ ಉಣ್ಣು ಅಂತ ಹೆಂಗೆ ಕರೀಲಿ? ಬ್ಯಾಡ ಬುಡಿ.”

ಕೋಪವಿಲ್ಲದೆ ಕೈ ಮುಗಿದು ಹೊರಟುಹೋದ. ಅದೇ ನನಗೆ ಹೆಚ್ಚು ಚುಚ್ಚಿತು.

“ನಿಮ್ಮ ಆಫರ್ ಅವರಿಗೆ ಬೇಡವಂತೆ” ಎಂದಳು ಕಮಲಾದೇವಿ ಒಳಗಿನಿಂದ.

“ಮತ್ತೇನು ಮಾಡಲಿ? ಬಾಡಿನ ಎಲೆ ಹಿತ್ತಲಿಗೆ ಬಂದರೆ ನೀನು ಒಪ್ತೀಯಾ?”

“ಒಪ್ಪಲ್ಲ” ಎಂದಳು.

ಮರುದಿನ ಬೆಳಿಗ್ಗೆ ಗಾರೆಯವರು ಕಾಂಪೌಂಡ್ ಗೋಡೆಗೆಂದು ಗೂಟ ಹೊಡೆದು ದಾರ ಕಟ್ಟಿ, ಇಟ್ಟಿಗೆ ಇಳಿಸಿಕೊಳ್ಳುತ್ತಿದ್ದರು. ಪೂಜೆ ಮುಗಿಸಿ ಹಣೆಯ ವಿಭೂತಿಯೊಡನೆ ಹೊರಗೆ ಬಂದ ಕಮಲಾದೇವಿ ಆ ದಾರವನ್ನೇ ನೋಡುತ್ತ ನಿಂತಳು.

“ರೀ, ಈ ದಾರ ಗುಡ್ಡೆಯಿಂದ ಈಚೆಗೆ ಬಂದರೆ? ಗುಡ್ಡೆ ಹಿಂದಿನ ಓಣಿಗೆ ಸೇರುತ್ತೆ. ಅಲ್ಲಿ ಅವರು ಏನು ಬಡಿಸಿದರೂ ನಾವು ಕೇಳೋಹಾಗಿಲ್ಲ.”

ಆ ಮೂಲೆಯಲ್ಲಿ ಅವಳ ಬಿಲ್ವದ ಸಸಿಯಿತ್ತು. ತಿಪಟೂರಿನ ತವರಿನಿಂದ ಮಡಿಲಲ್ಲಿಟ್ಟುಕೊಂಡು ತಂದದ್ದು. ಆಗತಾನೇ ಬೇರು ಹಿಡಿದಿತ್ತು. ಈಗ ಕಿತ್ತರೆ ಉಳಿಯುವುದು ಅನುಮಾನ ಎಂದೆ.

“ಸಸಿ ಕಿತ್ತು ನೆಡಬಹುದು. ಸೊಣ್ಣಮ್ಮನ್ನ ಕಿತ್ತು ನೆಡೋಕಾಗುತ್ತಾ?”

ನಾನು ಬೈರಸಂದ್ರಕ್ಕೆ ಹೋಗಿ ಬೈರಣ್ಣನನ್ನು ಕರೆತಂದೆ. ಸಂತೋಷಪಡುತ್ತಾನೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಕಮಲಾದೇವಿ ವಿಷಯ ಹೇಳಿದ ಮೇಲೆ ಅವನ ಮುಖ ಬಿಗಿಯಿತು.

“ದಾನ ಬ್ಯಾಡಿ ಅಮ್ಮಾವ್ರೇ. ಈ ನೆಲ ಉತ್ತೋನು ನಾನು. ನಾನು ಉತ್ತ ನೆಲಾನೇ ದಾನ ಅಂತ ಇಸ್ಕೊಂಡ್ರೆ ಅವಳು ಎದ್ದು ಬಂದು ಬಯ್ತಾಳೆ.”

ಕಮಲಾದೇವಿ ಒಂದು ಗೂಟ ಎತ್ತಿಕೊಂಡಳು.

“ದಾನ ಅಂದೋರು ಯಾರು ಬೈರಣ್ಣ? ಗೋಡೆ ಕಟ್ಟಲೇಬೇಕು. ಸೊಣ್ಣಮ್ಮ ಎಲ್ಲೀವರೆಗೂ ಮಲಗಿದಾರೆ ಅಂತ ಗಾರೆಯವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಅವರ ಕಾಲ ಮೇಲೆ ಇಟ್ಟಿಗೆ ಬಿದ್ದರೆ ಆ ಪಾಪ ನಮಗೆ. ಗೂಟ ನೀವೇ ಹೊಡೀರಿ.”

ಗೂಟವನ್ನು ಅವನ ಮುಂದೆ ಹಿಡಿದಳು. ಅವನು ತೆಗೆದುಕೊಳ್ಳಲಿಲ್ಲ. ಅವಳು ಕೈ ಇಳಿಸಲಿಲ್ಲ. ಗಾರೆಯವರು ಇಟ್ಟಿಗೆ ಇಳಿಸುವುದನ್ನು ಬಿಟ್ಟು ನೋಡುತ್ತಿದ್ದರು. ಕೊನೆಗೆ ಬೈರಣ್ಣ ಟವೆಲ್ಲಿನಲ್ಲಿ ಕೈ ಒರೆಸಿಕೊಂಡು ಗೂಟ ತೆಗೆದುಕೊಂಡ. ಗುಡ್ಡೆಯ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಅಂಗೈಯಿಂದ ಮಣ್ಣು ಸವರಿ ನೋಡಿದ. ಆಮೇಲೆ, ಕಮಲಾದೇವಿ ತೋರಿಸಿದ್ದಕ್ಕಿಂತ ಗುಡ್ಡೆಯ ಹತ್ತಿರಕ್ಕೇ ಸರಿಸಿ ಗೂಟ ಹೊಡೆದ.

“ಇಷ್ಟು ಸಾಕು. ಅವಳು ಕುಳ್ಳಿ” ಎಂದ. ಗಾರೆಯವರು ನಕ್ಕರು. “ಆ ಪತ್ರೆ ಸಸಿ ಮಾತ್ರ ಕೀಳ್ಬೇಕಾಯ್ತದೆ, ಅಮ್ಮಾವ್ರೇ. ಮಣ್ಣಿನ ಹೆಂಟೆ ಸಮೇತ ನಾನೇ ತೆಗ್ದುಕೊಡ್ತೀನಿ.”

ಅಮಾವಾಸ್ಯೆಯ ಹೊತ್ತಿಗೆ ಗೋಡೆ ಮೊಣಕಾಲೆತ್ತರ ಎದ್ದಿತ್ತು. ಬೈರಣ್ಣ ಓಣಿಯ ಕಡೆಯಿಂದ ಕುಕ್ಕೆ ಹೊತ್ತು ತಂದ. ಕಲ್ಲನ್ನು ತೊಳೆದು ಅರಿಸಿನ ಕುಂಕುಮ ಇಟ್ಟ. ಎಲೆ ಹಾಸಿ ಮುದ್ದೆ ಇಟ್ಟು ಸಾರು ಬಡಿಸಿದ. ವಾಸನೆ ಗೋಡೆ ದಾಟಿ ಬಂತು. ಕಮಲಾದೇವಿ ಸೆರಗನ್ನು ಮೂಗಿಗೆ ಒತ್ತಿಕೊಂಡಳು, ಆದರೆ ಒಳಗೆ ಹೋಗಲಿಲ್ಲ.

“ಅಮ್ಮಾವ್ರೇ, ವಸಿ ಆ ಕಡೆ ತಿರುಕ್ಕೊಳಿ. ಯಾರಾದ್ರೂ ನೋಡ್ತಿದ್ರೆ ಹೋದೋರು ಉಣ್ಣಾಕೆ ನಾಚ್ಕತಾರೆ” ಎಂದು ಕೂಗಿದ ಬೈರಣ್ಣ.

ಅವಳು ತಾನು ತಿರುಗಿ, ನನ್ನ ಮೊಣಕೈ ಹಿಡಿದು ನನ್ನನ್ನೂ ತಿರುಗಿಸಿದಳು. ಬೈರಣ್ಣ ಓಣಿಯ ಕಡೆ ಮುಖ ಮಾಡಿ ನಿಂತಿರಬೇಕು. ಗೋಡೆಯ ಆಚೆ ಅವನೊಬ್ಬ, ಈಚೆ ನಾವಿಬ್ಬರು. ಹೊಂಗೆಯ ಎಲೆ ಅಲುಗುವುದೊಂದೇ ಕೇಳುತ್ತಿತ್ತು.

ಆಮೇಲೆ ಅವನ ದನಿ, ತೀರ ಮೆಲ್ಲಗೆ: “ಅವಸರ ಮಾಡಬ್ಯಾಡ ಸೊಣ್ಣಿ. ಮೂಳೆ ಐತೆ, ನೋಡ್ಕೊಂಡು ತಿನ್ನು.”

ಕಮಲಾದೇವಿ ಸೆರಗನ್ನು ಮೂಗಿನಿಂದ ತೆಗೆದು ಕಣ್ಣಿಗೆ ಒತ್ತಿಕೊಂಡಳು.