ನಿವ್ವಳ ಒಂಬತ್ತು ಕಿಲೋ

ನಮ್ಮ ತೂಕದ ವಿಭಾಗದ ಗಂಡಸರು ಹಿಮದ ಬೆಟ್ಟದ ಬೇಸ್ ಕ್ಯಾಂಪಿಗೆ ಹೊರಟಿದ್ದಾರೆಂದು ತಿಳಿದಾಗ ಇಡೀ ಬಣ್ಣದ ಕಾರ್ಖಾನೆ ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. ನಾನು ಇಟ್ಟುಕೊಳ್ಳಲಿಲ್ಲ. ಲಿಫ್ಟ್ ಕೆಟ್ಟ ದಿನ ಮೂರನೇ ಮಹಡಿಯ ಕ್ಯಾಂಟೀನಿಗೆ ಹತ್ತಲಾರದೆ ಊಟ ಬಿಡುವ ಜನ ಇವರು. ಇಪ್ಪತ್ತಾರು ವರ್ಷದಿಂದ ನೋಡುತ್ತಿದ್ದೇನೆ.

ಮುಂದಾಳು ನಮ್ಮ ಸೂಪರ್‌ವೈಸರ್. ಪ್ಲಾನು ಶುರುವಾದ ದಿನದಿಂದ ಅವರಿಗೆ ಕ್ಯಾಪ್ಟನ್ ಎಂದು ಕರೆಸಿಕೊಳ್ಳುವ ಚಟ. ಹತ್ತಲು ಎಂಟು ದಿನ, ಇಳಿಯಲು ಐದು ದಿನ. ಅಷ್ಟನ್ನೂ ಗೋಡೆಗೆ ಅಂಟಿಸಿದ ದೊಡ್ಡ ಹಾಳೆಯಲ್ಲಿ ಬರೆದಿದ್ದರು. ನಮ್ಮದೇ ಶೇಡ್ ಕಾರ್ಡುಗಳನ್ನು ಕತ್ತರಿಸಿ, ಕಾಡಿಗೆ ಹಸಿರು, ಬಂಡೆಗೆ ಬೂದು, ಹಿಮಕ್ಕೆ ಬಿಳಿ ಎಂದು ಅಂಟಿಸಿದ್ದರು. ಬಿಳಿಯಲ್ಲೇ ನಾಲ್ಕು ಬಗೆ. ದಿನಾ ಮಧ್ಯಾಹ್ನ ಅದರ ಮುಂದೆ ನಿಂತು ಬಿಸ್ಕತ್ತು ತಿನ್ನುತ್ತಾ ಗಾಳಿ ತೆಳುವಾಗುವುದರ ಬಗ್ಗೆ ಭಾಷಣ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದನ್ನು ಕೇಳಿದ್ದೆ, ಇವರು ಕುಲಾವಿಗೆ ಕಸೂತಿಯನ್ನೂ ಹಾಕಿಸಿದರು.

ಇನ್ನು ತೂಕದ ವಿಷಯ. ತೂಗುವುದೇ ಕಸುಬಾದವರ ಕೈಗೆ ಪ್ರವಾಸ ಸಿಕ್ಕರೆ ಏನಾಗುತ್ತದೋ ಅದೇ ಆಯಿತು. ಹಲ್ಲುಜ್ಜುವ ಬ್ರಶ್ಶಿನ ಹಿಡಿ ಕತ್ತರಿಸಿದರು, ಆರು ಗ್ರಾಂ ಉಳಿತಾಯ. ಸೋಪನ್ನು ನಾಲ್ಕು ಹೋಳು ಮಾಡಿದರು. ಅಂಗಿಯ ಕಾಲರಿನ ಲೇಬಲ್ ಕಿತ್ತರು. ಇಷ್ಟೆಲ್ಲ ಉಳಿಸಿದ ಕ್ಯಾಪ್ಟನ್ ಮಹಾನುಭಾವರ ಸ್ವಂತ ತೂಕ ತೊಂಬತ್ತನಾಲ್ಕು ಕಿಲೋ. ಅದರಲ್ಲಿ ಒಂದು ಗ್ರಾಮನ್ನೂ ಯಾರೂ ಕತ್ತರಿಸಲಿಲ್ಲ.

ನನಗೂ ಹೋಗಬೇಕಿತ್ತು. ಮುಚ್ಚಿಡುವುದೇಕೆ, ಇವರೆಲ್ಲರಿಗಿಂತ ಹೆಚ್ಚು ನನಗೇ ಆಸೆಯಿತ್ತು. ಹುಟ್ಟಿ ಬೆಳೆದಿದ್ದೆಲ್ಲ ತಟ್ಟೆಯಂಥ ಚಪ್ಪಟೆ ಊರಲ್ಲಿ. ತಲೆಯೆತ್ತಿ ನೋಡುವಂಥದ್ದು ಅಂತ ಕಂಡಿದ್ದರೆ ನೀರಿನ ಟ್ಯಾಂಕ್ ಒಂದೇ. ಎರಡು ವರ್ಷದಿಂದ ಬಸ್ಸು ಬಿಟ್ಟು ಆರು ಕಿಲೋಮೀಟರು ನಡೆದೇ ಕೆಲಸಕ್ಕೆ ಬರುತ್ತಿದ್ದೆ. ಕರೆದೊಯ್ಯುವ ಗೈಡುಗಳು ಐವತ್ತು ದಾಟಿದವರನ್ನು ಸೇರಿಸಿಕೊಳ್ಳುವುದಿಲ್ಲ. ನನಗೆ ಐವತ್ತು ತುಂಬಲು ಮೂರೇ ತಿಂಗಳು ಬಾಕಿ. ಈ ಸಲ ತಪ್ಪಿದರೆ ಇನ್ನಿಲ್ಲ.

ಇದ್ದದ್ದು ಐದು ಜಾಗ. ಕ್ಯಾಪ್ಟನ್, ಗೋದಾಮಿನವನು, ಲೇಬಲ್ಲಿನವನು, ಮುಚ್ಚಳ ಬಿಗಿಯುವವನು. ಐದನೆಯದನ್ನು ಕ್ಯಾಪ್ಟನ್ ತಮ್ಮ ಷಡ್ಡಕನಿಗೆ ಕೊಟ್ಟರು. ಆ ಪುಣ್ಯಾತ್ಮ ನಮ್ಮ ಕಾರ್ಖಾನೆಯವನೂ ಅಲ್ಲ.

"ಏನ್ ಮಾಡ್ಲಮ್ಮ, ಮನೇಲಿ ನೆಮ್ಮದಿ ಬೇಕಲ್ಲ," ಎಂದರು ಕ್ಯಾಪ್ಟನ್. "ನಿಮ್ಮ ಕೈಲಿ ಆಗಲ್ಲ ಅಂತಲ್ಲ."

ಮನೆಯಲ್ಲಿ ಕಟ್ಟಿಟ್ಟಿದ್ದ ಚೀಲವನ್ನು ಮಾತ್ರ ನಾನು ಬಿಚ್ಚಲಿಲ್ಲ.

ಹೊರಡಲು ಹತ್ತು ದಿನ ಇರುವಾಗ ಗೈಡುಗಳ ಕಾಗದ ಬಂತು. ಒಬ್ಬ ಪೋರ್ಟರ್ ಎರಡು ಚೀಲ ಹೊರುತ್ತಾನೆ, ಒಂದೊಂದು ಚೀಲ ಒಂಬತ್ತು ಕಿಲೋ ಮೀರಕೂಡದು, ತೂಗಿದವರೂ ಮರುತೂಕ ನೋಡಿದವರೂ ರುಜು ಹಾಕಿ ಪಟ್ಟಿ ಕಳಿಸಬೇಕು ಎಂದು. ನಮ್ಮಲ್ಲಿ ಮರುತೂಕದ ರುಜು ನನ್ನದು. ನಾನು ನೋಡದೆ ಒಂದು ಡಬ್ಬಿಯೂ ಗೇಟು ದಾಟಿದ್ದಿಲ್ಲ. ಸುಳ್ಳು ತೂಕಕ್ಕೆ ನನ್ನ ಪೆನ್ನು ಒಮ್ಮೆಯೂ ತಗುಲಿಲ್ಲ.

ಶನಿವಾರ ಮಧ್ಯಾಹ್ನ ಐದು ಚೀಲ ಸಾಲಾಗಿ ಬಂದು ನಿಂತವು. ಗೋದಾಮಿನವನು ಕೂಗುತ್ತಾ ಹೋದ.

"ಹನ್ನೆರಡು ಕಿಲೋ ಇನ್ನೂರು ಗ್ರಾಂ. ಖಾಲಿ ಚೀಲ ಎರಡು ಕಿಲೋ ನೂರು, ಕಳಿ. ಬಾಟ್ಲಿ, ಡಬ್ಬಿ ಒಂದು ಕಿಲೋ ನೂರು, ಕಳಿ. ನಿವ್ವಳ ಒಂಬತ್ತು. ಬರ್ಕೊ."

ಲೇಬಲ್ಲಿನವನು ಬರೆದುಕೊಂಡ. ಎರಡನೆಯದೂ ಹಾಗೇ. ಮೂರನೆಯದೂ ಹಾಗೇ. ಮೊದಲು ನನಗೂ ಏನೂ ಅನ್ನಿಸಲಿಲ್ಲ ಎನ್ನುವುದೇ ನಾಚಿಕೆಗೇಡು. ಡಬ್ಬಿಯ ತೂಕ ಕಳೆದು ಬಣ್ಣದ ತೂಕ ಬರೆಯುವುದು ನಮಗೆ ಉಸಿರಾಟದ ಹಾಗೆ. ನಾಲ್ಕನೇ ಚೀಲಕ್ಕೆ ಎಚ್ಚರವಾಯಿತು.

"ಸಾರ್, ಚೀಲದ ತೂಕ ಯಾಕೆ ಕಳೀತಿದ್ದೀರಿ?"

ಕ್ಯಾಪ್ಟನ್ ನನ್ನನ್ನು ಮೊದಲ ದಿನ ಕೆಲಸಕ್ಕೆ ಬಂದವಳನ್ನು ನೋಡುವಂತೆ ನೋಡಿದರು. "ಚೀಲ ಸಾಮಾನಲ್ಲ ಕಣಮ್ಮ. ಪ್ಯಾಕಿಂಗ್."

"ಹೊರೋವನು ಪ್ಯಾಕಿಂಗ್ ಇಲ್ಲೇ ಬಿಟ್ಟು ಹೋಗ್ತಾನಾ?"

ಗೋದಾಮಿನವನು ಮೊದಲ ಚೀಲವನ್ನು ಮತ್ತೆ ತಕ್ಕಡಿಗೆ ಏರಿಸಿ ಮುಳ್ಳು ನೋಡಿದ. ಎರಡು ತಿಂಗಳು ಗ್ರಾಂ ಲೆಕ್ಕದಲ್ಲಿ ಬ್ರಶ್ಶು ಕತ್ತರಿಸಿದವರು ತಲಾ ಮೂರು ಕಿಲೋ ಮರೆತಿದ್ದರು. ನನಗೆ ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ, ಹೊಟ್ಟೆ ತಣ್ಣಗಾಯಿತು.

ಷಡ್ಡಕ ತನ್ನ ಚೀಲ ಬಿಚ್ಚಿ ನೋಡಿದ. ಏನನ್ನು ತೆಗೆದರೂ ಅವನಿಗೆ ಕರುಳು ಕಿತ್ತುಬರುತ್ತಿತ್ತು. ಮಡಚುವ ಕುರ್ಚಿಯನ್ನೂ ಬಿಡಲೊಲ್ಲ. ಉಳಿದವರದೂ ಅದೇ ಕಥೆ. ಕ್ಯಾಪ್ಟನ್ ನನ್ನನ್ನು ಡ್ರಮ್ಮುಗಳ ಹಿಂದಕ್ಕೆ ಕರೆದರು.

"ಹೋಗ್ಲಿ ಬಿಡಮ್ಮ, ಅಲ್ಲಿ ಯಾರು ತೂಗ್ತಾರೆ? ನಮ್ಮ ಸೈನ್ ನೋಡಿ ಹೊರಿಸ್ತಾರೆ ಅಷ್ಟೆ. ನೀವು ಮರುತೂಕದ ಸೈನ್ ಹಾಕಿ. ಷಡ್ಡಕನಿಗೆ ಮುಂದಿನ ವರ್ಷ ಅಂತ ಹೇಳ್ತೀನಿ. ಆ ಜಾಗ ನಿಮ್ಮದು."

"ಹೊರೋವನಿಗೆ ಹದಿನೆಂಟರ ಬದಲು ಇಪ್ಪತ್ನಾಲ್ಕಾಗುತ್ತೆ, ಸಾರ್."

"ಅವರಿಗೆ ಅಭ್ಯಾಸ ಇರುತ್ತಮ್ಮ."

ಮುಖಕ್ಕೆ ಉಗಿಯಬೇಕೆನ್ನಿಸಿತು. ಇಂಥವರು ಬೆಟ್ಟ ಹತ್ತಿದರೆ ಬೆಟ್ಟಕ್ಕೇ ಅವಮಾನ ಎಂದುಕೊಂಡೆ. ಹಾಗೆಂದುಕೊಳ್ಳುತ್ತಲೇ ಗೋಡೆಯ ಹಾಳೆಯ ಕಡೆ ಕಣ್ಣು ಹೋಯಿತು. ಎಂಟನೇ ದಿನದ ಬಿಳಿ. ಮೂರು ತಿಂಗಳು ಕಳೆದರೆ ನನಗೆ ಐವತ್ತು.

"ಪೆನ್ನು ಕೊಡಿ," ಎಂದೆ.

ಪಟ್ಟಿಯಲ್ಲಿ ಷಡ್ಡಕನ ಹೆಸರು ಹೊಡೆದು ನನ್ನದನ್ನು ಬರೆದರು. ನನ್ನ ಚೀಲ ಮನೆಯಲ್ಲಿತ್ತು, ತೂಗಿರಲಿಲ್ಲ. ಆದರೂ ನನ್ನ ಹೆಸರಿನ ಮುಂದೆಯೂ ಒಂಬತ್ತು ಎಂದೇ ಬಿತ್ತು. ಐದು ಸಾಲಿಗೂ ರುಜು ಹಾಕಿದೆ. ಷಡ್ಡಕ ಕುರ್ಚಿ ಮಡಚಿಕೊಂಡು, ಯಾರಿಗೂ ಹೇಳದೆ ಹೊರಟುಹೋದ.

ಮನೆಗೆ ಬಂದು ಚೀಲವನ್ನು ತಂಗಿಯ ಮಂಚದ ಮೇಲಿಟ್ಟೆ. ಮನೆಯ ಕೊಕ್ಕೆ ತಕ್ಕಡಿಯಲ್ಲಿ ತೂಗಿದರೆ ಚೀಲ, ಬಾಟಲಿ ಎಲ್ಲ ಸೇರಿ ಎಂಟು ಕಿಲೋ ಒಂಬೈನೂರು ಗ್ರಾಂ ಇತ್ತು. ಪ್ರಾಮಾಣಿಕವಾಗಿ ಕಟ್ಟಿದ್ದ ಚೀಲ. ಕಪಾಟು ತೆಗೆದು ಅದಕ್ಕೆ ದಪ್ಪ ಕಂಬಳಿ ತುರುಕಿದೆ. ಸ್ಟೀಲ್ ಫ್ಲಾಸ್ಕ್ ತುರುಕಿದೆ. ಇನ್ನೊಂದು ಜೊತೆ ಶೂ ಇಟ್ಟೆ.

ತಂಗಿ ಚೀಲವನ್ನು ಎತ್ತಲು ಹೋಗಿ ಅರ್ಧಕ್ಕೇ ಕೆಳಗಿಟ್ಟಳು. "ಅಕ್ಕಾ, ಇದನ್ನ ಯಾರೇ ಹೊರ್ತಾರೆ?"

"ಅದಕ್ಕೆ ಅಂತಲೇ ಜನ ಇರ್ತಾರೆ ಕಣೆ," ಎಂದೆ. "ಅವರಿಗೆ ಅಭ್ಯಾಸ ಇರುತ್ತೆ."