ಮರ ನಂಬರ್ ೪೧೧೮

ಮನೆ ಬಾಗಿಲಿನಿಂದ ಅಂಗಳಕ್ಕೆ ಮೂರು ಮೆಟ್ಟಿಲು. ಪಾರ್ಶ್ವವಾಯು ಬಡಿದ ಮೇಲಿನ ಏಳು ತಿಂಗಳಲ್ಲಿ ಪೇಂಟರನ ಹೆಂಡತಿ ಆ ಮೆಟ್ಟಿಲು ಇಳಿದದ್ದು ಎರಡೇ ಸಲ. ಎರಡು ಸಲವೂ ಆಸ್ಪತ್ರೆಗೆ, ಇಬ್ಬರು ಗಂಡಸರು ಗಾಲಿಕುರ್ಚಿಯನ್ನು ಎತ್ತಿ ಹಿಡಿದು. ಎರಡನೇ ಸಲ ಒಬ್ಬನ ಕೈ ಜಾರಿತು. ಆಮೇಲೆ ಆಕೆ ಯಾರಿಗೂ ಎತ್ತಲು ಬಿಡಲಿಲ್ಲ.

ಮೂರು ಮೆಟ್ಟಿಲೆಂದರೆ ಒಂದೂವರೆ ಅಡಿ. ಅಷ್ಟಕ್ಕೆ ಕುರ್ಚಿ ಸಲೀಸಾಗಿ ಇಳಿಯುವ ಇಳಿಜಾರು ಕಟ್ಟಲು ಹದಿನೆಂಟು ಅಡಿ ಉದ್ದ ಬೇಕು. ಗೇಟಿನವರೆಗೆ ಇಪ್ಪತ್ತು ಅಡಿ ಇತ್ತು. ನಟ್ಟನಡುವೆ ಒಂದು ಕಾಡುಬಾದಾಮಿ ಮರವೂ ಇತ್ತು.

"ಮರ ಇರೋವರೆಗೂ ನಾನು ಕರಣೆ ಮುಟ್ಟಲ್ಲ," ಅಂದ ಗಾರೆಯವನು. "ಬಳಸ್ಕೊಂಡು ಹೋಗೋಣ ಅಂದ್ರೆ ಎಡಕ್ಕೆ ಗೋಡೆ, ಬಲಕ್ಕೆ ಚರಂಡಿ. ಕುರ್ಚಿಗೇನು ರೆಕ್ಕೆ ಇದ್ಯಾ?"

ನಗರಸಭೆಯ ನಿಯಮ ಸರಳವಾಗಿತ್ತು. ಮನೆಯಂಗಳದ ಮರದ ಸುತ್ತಳತೆ, ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ, ನೂರು ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಕಡಿಯಲು ಯಾರ ಅಪ್ಪಣೆಯೂ ಬೇಡ. ನಂಬರ್ ಬಿದ್ದು ನಗರಸಭೆಯ ಪಟ್ಟಿಗೆ ಸೇರಿದ ಮರವಾದರೆ ಮಾತ್ರ ಅದು ಒಣಗಿರಬೇಕು, ಇಲ್ಲವೇ ಬೀಳುವಂತಿರಬೇಕು. ಮಗಳು ಟೇಪು ಸುತ್ತಿ ಅಳೆದಳು. ತೊಂಬತ್ತಾರು. ಆದರೆ ಟೇಪಿನ ಕೆಳಗೇ ಬಿಳಿ ಬಣ್ಣದಲ್ಲಿ ೪೧೧೮ ಎಂದು ಬರೆದಿತ್ತು.

ಬರೆದದ್ದು ಪೇಂಟರನೇ. ಒಂಬತ್ತು ವರ್ಷದ ಹಿಂದೆ ನಗರಸಭೆ ಮರಗಳ ಎಣಿಕೆ ಮಾಡಿಸಿದಾಗ ಅಳೆಯುವವರು ಮುಂದೆ ಹೋಗಿ ದೊಡ್ಡ ಮರಗಳಿಗೆ ಸೀಮೆಸುಣ್ಣದಲ್ಲಿ ನಂಬರ್ ಹಾಕುತ್ತಿದ್ದರು. ಇವನು ಹಿಂದಿನಿಂದ ಅದರ ಮೇಲೆ ಬಣ್ಣ ತೀಡುತ್ತಿದ್ದ. ಒಂದು ಸಂಜೆ ಇವನ ಬೀದಿಯಲ್ಲೇ ೪೧೧೭ಕ್ಕೆ ಕೆಲಸ ನಿಂತಿತು. ಹೆಂಡತಿ ಗೇಟಿನಲ್ಲಿ ನಿಂತು ಛೇಡಿಸಿದಳು: "ಊರಿನ ಮರಕ್ಕೆಲ್ಲ ನಂಬರ್ ಬರೀತೀರಿ. ನಮ್ಮದೇನು ಪಾಪ ಮಾಡಿತ್ತು?" ಡಬ್ಬಿಯಲ್ಲಿ ಬಣ್ಣ ಉಳಿದಿತ್ತು. ಎಳೆಯ ಮರದ ಮೇಲೆ ಮುಂದಿನ ನಂಬರ್ ಬರೆದ. ಇಬ್ಬರೂ ನಕ್ಕರು. ಮರುದಿನ ಅಳೆಯುವವರು ಬಂದು, ಕೊನೆಯ ನಂಬರ್ ಯಾವುದೆಂದು ನೋಡಿ, ೪೧೧೯ರಿಂದ ಶುರು ಮಾಡಿದರು.

"ಥಿನ್ನರ್ ಹಾಕಿ ಒರೆಸಿಬಿಡೋಣ ಅಪ್ಪ," ಅಂದಳು ಮಗಳು.

"ಒರೆಸಿದ್ರೆ ಕೇಸು. ಯಾರೂ ಅಳೆದೇ ಇಲ್ವಲ್ಲ, ಎಣಿಕೆ ಪುಸ್ತಕದಲ್ಲಿ ಆ ಸಾಲು ಖಾಲಿ ಇರತ್ತೆ. ಅರ್ಜಿ ಕೊಟ್ರೆ ಅವರೇ ಹೊಡೆದು ಹಾಕ್ತಾರೆ."

ಸಾಲು ಖಾಲಿ ಇರಲಿಲ್ಲ. ಅರ್ಜಿ ನೋಡಿ ನಗರಸಭೆಗೆ ಕರೆಸಿದ ಮರಗಳ ಅಧಿಕಾರಿ ಪುಸ್ತಕವನ್ನು ಅಪ್ಪ ಮಗಳ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದ. ಕಾಡುಬಾದಾಮಿ, ಸುತ್ತಳತೆ ೧೧೨. ಯಾರೋ ಗುಮಾಸ್ತ, ಒಂದು ಸಾಲು ಬಿಟ್ಟುಹೋಗಿದೆ ಎಂದುಕೊಂಡು, ಕೂತಲ್ಲೇ ತುಂಬಿದ್ದ. ಮೇಲಿನ ಸಾಲು ೧೧೦, ಕೆಳಗಿನದು ೧೧೪.

"ನಮ್ಮವರು ಮೊನ್ನೆ ಬಂದು ಅಳೆದಾಗ ತೊಂಬತ್ತಾರು," ಅಂದ ಅಧಿಕಾರಿ. "ವಯಸ್ಸಾದ್ರೆ ಮನುಷ್ಯ ಕುಗ್ತಾನೆ ಪೇಂಟ್ರೇ, ಮರ ಕುಗ್ಗತ್ತಾ?"

"ಇಲ್ಲ ಸಾರ್."

"ಹಾಗಾದ್ರೆ ಹಳೇ ಮರ ಎಲ್ಲಿ?"

"ಇದೇ ಸಾರ್ ಹಳೇ ಮರ."

"ಪಟ್ಟಿಯ ಮರ ಕಡಿದು, ಇನ್ನೊಂದಕ್ಕೆ ಅದೇ ನಂಬರ್ ಬರೆದಿದ್ದೀರಿ ಅಂತ ನಾನು ಬರೀಬೇಕಾಗತ್ತೆ. ಬರೆಯೋ ಕೈ ಬೇರೆ ನಿಮ್ಮ ಮನೆಯಲ್ಲೇ ಇದೆ."

ಪೇಂಟರ್ ಬಾಯಿ ತೆರೆದ. ಅದನ್ನು ತಾನೇ ತಮಾಷೆಗೆ ಬರೆದೆ ಎಂದರೆ ಮುಗಿಯುತ್ತಿತ್ತು: ಸಾಲು ಹೊಡೆದು ಹಾಕಿ ಮರ ಕಡಿಯಬಹುದಿತ್ತು. ಆದರೆ ಕೆಲಸದ ಕರಾರಿನ ಹನ್ನೊಂದನೇ ಷರತ್ತು ಅವನಿಗೆ ಬಾಯಿಪಾಠ. ಅಳೆಯದ ಮರಕ್ಕೆ ನಂಬರ್ ಬರೆದವನಿಗಾಗಲಿ, ಅವನ ಮನೆಯವರಿಗಾಗಲಿ ಮತ್ತೆ ಈ ಕೆಲಸವಿಲ್ಲ. ಅವನ ಕೈ ನಡುಗತೊಡಗಿದ ಮೇಲೆ ಕುಂಚ ಹಿಡಿದವಳು ಮಗಳು. ಈ ವರ್ಷದ ಎಣಿಕೆಗೆ ಬರೆಯುವ ಕೆಲಸ ಅವಳ ಹೆಸರಿಗೆ ಬಂದಿತ್ತು. ಆದೇಶ ಇದೇ ಮೇಜಿನ ಮೇಲೆ ಸಹಿಗೆ ಕಾದಿತ್ತು.

"ಸಾರ್, ಆ ನಂಬರ್..." ಎಂದು ಶುರು ಮಾಡಿದ.

ಮೇಜಿನ ಕೆಳಗೆ ಮಗಳ ಚಪ್ಪಲಿ ಅವನ ಪಾದವನ್ನು ಒತ್ತಿತು. ಅವನು ನಿಲ್ಲಿಸಿದ.

"ಆ ನಂಬರ್ ಏನು?"

"ಏನಿಲ್ಲ ಸಾರ್."

ಅಧಿಕಾರಿ ಕೆಟ್ಟವನಲ್ಲ. ಅರ್ಜಿ ವಾಪಸ್ ತೆಗೆದುಕೊಂಡರೆ ತಾನು ಅಳತೆಯ ವಿಚಾರ ಕೆದಕುವುದಿಲ್ಲ ಎಂದ. ಪೇಂಟರ್ ಸಹಿ ಹಾಕಿದ. ಇನ್ನೊಂದು ಕಾಗದಕ್ಕೆ ಅಧಿಕಾರಿ ಸಹಿ ಹಾಕಿ ಮಗಳಿಗೆ ಕೊಟ್ಟ.

ಕಚೇರಿಯ ಮೆಟ್ಟಿಲ ಪಕ್ಕದಲ್ಲಿ ಗಾಲಿಕುರ್ಚಿಗೆಂದು ಅಗಲವಾದ ಇಳಿಜಾರಿತ್ತು. ಅದರ ಮೇಲೆ ಮೂರು ಸ್ಕೂಟರ್ ನಿಂತಿದ್ದವು.

"ತುಳಿದೆ, ಇಲ್ಲ ಅನ್ನಲ್ಲ," ಅಂದಳು ಮಗಳು. "ಈ ಕೆಲಸ ಹೋದ್ರೆ ಅಮ್ಮನ ಔಷಧಿ ಎಲ್ಲಿಂದ ತರೋದು? ಮರದಲ್ಲಿ ಬಿಡುತ್ತಾ?"

"ನಾನೇನಾದ್ರೂ ಅಂದ್ನಾ?"

"ಅನ್ನು ಅಪ್ಪ. ಅಂದುಬಿಡು, ಅದೇ ವಾಸಿ."

ಅವನು ಮನೆಯ ದಾರಿ ಹಿಡಿದ.

ಹೆಂಡತಿ ಕಿಟಕಿಯ ಹತ್ತಿರ ಕೂತಿದ್ದಳು. ಮಾತು ನಿಧಾನವಾಗಿತ್ತು, ಆದರೆ ಸ್ಪಷ್ಟವಾಗಿತ್ತು. "ಏನಂದ್ರು?"

"ಆಗಲ್ಲ ಅಂದ್ರು."

"ನೀವೇ ಬರೆದದ್ದು ಅಂತ ಹೇಳಿದ್ರಾ?"

"ಅವರು ಕೇಳಲೇ ಇಲ್ಲ."

ಆಕೆ ಮಗಳ ಕಡೆ ನೋಡಿದಳು. ಮಗಳು ಕೈಯಲ್ಲಿದ್ದ ಕಾಗದವನ್ನು ಮಡಚಿ ಚೀಲಕ್ಕೆ ಹಾಕುತ್ತಿದ್ದಳು. ಆಕೆಗೆ ಇನ್ನೇನೂ ಕೇಳಬೇಕಾಗಲಿಲ್ಲ.

"ಇಬ್ಬರೂ ಸೇರಿ ಒಳ್ಳೇ ಲೆಕ್ಕ ಹಾಕಿದ್ದೀರಿ," ಅಂದಳು. "ನನ್ನನ್ನೂ ಒಂದು ಮಾತು ಕೇಳಬಹುದಿತ್ತು. ಔಷಧಿ ಬೇಡ, ಬಾಗಿಲಾಚೆ ಹೋಗ್ಬೇಕು ಅಂತಿದ್ದೆನೋ ಏನೋ."

"ಅಮ್ಮಾ, ಹಾಗೆಲ್ಲ ಅನ್ಬೇಡ."

"ನಿಮ್ಮಪ್ಪನಿಗೆ ಹೇಳು, ಕುರ್ಚಿ ತಿರುಗಿಸಲಿ."

"ಯಾವ ಕಡೆಗೆ?" ಎಂದು ಕೇಳಿದ ಪೇಂಟರ್.

"ಮರ ಕಾಣದ ಕಡೆಗೆ."

ಮನೆಗೆ ಇದ್ದದ್ದು ಎರಡು ಕಿಟಕಿ, ಎರಡೂ ಅಂಗಳದ ಕಡೆಗೆ. ಅವನು ಬಗ್ಗಿ ಚಕ್ರದ ತಡೆ ಬಿಡಿಸಿ, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದ.