ಯಾರು ಮೊದಲು

"ನಿಮ್ಮ ಹೆಂಡತಿ ಇನ್ನೆಷ್ಟು ವರ್ಷ ಬದುಕ್ತಾರೆ ಅಂತ ನಾನು ಹೇಗ್ರೀ ಹೇಳಲಿ?" ಡಾಕ್ಟರು ಸ್ಟೆತಾಸ್ಕೋಪನ್ನು ಕಿವಿಯಿಂದ ತೆಗೆದು ಕೊರಳಿಗೆ ಇಳಿಬಿಟ್ಟರು. "ನಾನೇನು ಭವಿಷ್ಯ ಹೇಳೋನಾ?"

ಅವನು ಕುರ್ಚಿಯ ಅಂಚಿಗೆ ಸರಿದು ಕೂತ. "ಇಷ್ಟೇ ವರ್ಷ ಅಂತ ಬೇಡ ಸರ್. ಸುಮಾರಾಗಿ ಹೇಳಿದ್ರೆ ಸಾಕು. ನನಗೂ ಅವಳಿಗೂ ಹೋಲಿಸಿ ನೋಡಿದ್ರೆ... ಯಾರು ಮೊದಲು ಅಂತ."

ಡಾಕ್ಟರು ಒಂದು ಕ್ಷಣ ಅವನ ಮುಖ ನೋಡಿದರು. ಆಮೇಲೆ ನಕ್ಕರು. "ಒಳ್ಳೇ ಗಂಡ ಹೆಂಡ್ತಿ ಕಣ್ರೀ ನೀವು. ಮೊನ್ನೆ ಅವರು ಬಂದು ಇದೇ ಕುರ್ಚೀಲಿ ಕೂತಿದ್ರು. ಇವತ್ತು ನೀವು. ಇಬ್ಬರಿಗೂ ಆ ಪಿಂಚಣೀದೇ ಚಿಂತೆ."

"ಅವಳು ಬಂದಿದ್ಲಾ? ಏನು ಕೇಳಿದ್ಲು?"

"ಅದನ್ನ ಅವರನ್ನೇ ಕೇಳಿ. ನೀವು ಕೇಳಿದ್ದನ್ನ ನಾನು ಅವರಿಗೆ ಹೇಳಬೇಕಾ?"

"ಅಯ್ಯೋ, ಬೇಡ ಸರ್."

"ಹಾಗಾದ್ರೆ ಏಳಿ. ನಿಮ್ಮ ಬಿಪಿ ಜಾಸ್ತಿಯಾಗಿದೆ. ಇಂಥ ಲೆಕ್ಕ ಹಾಕ್ತಾ ಕೂತರೆ ಇನ್ನೂ ಏರುತ್ತೆ."

ಹೊರಗೆ ಬಂದು ಅವನು ಔಷಧಿ ಅಂಗಡಿಯ ಮುಂದೆ ಸುಮ್ಮನೆ ನಿಂತ. ಏನು ಕೊಳ್ಳಬೇಕಿತ್ತೆಂಬುದೇ ಮರೆತುಹೋಗಿತ್ತು.

ನಗರದ ನೀರಿನ ಪ್ರಯೋಗಾಲಯದಲ್ಲಿ ಅವನು ಟೆಕ್ನಿಷಿಯನ್ ಆಗಿದ್ದವನು. ಬೇರೆ ಬೇರೆ ಬಡಾವಣೆಗಳ ನಲ್ಲಿಗಳಿಂದ ಬಂದ ಬಾಟಲಿಗಳಲ್ಲಿ ಕ್ಲೋರಿನ್ ಎಷ್ಟಿದೆ, ಕೊಳೆ ಎಷ್ಟಿದೆ ಎಂದು ನೋಡುವುದು ಅವನ ಕೆಲಸ. ಸಂಬಳ ಬಂದ ದಿನವೇ ಒಂದಿಷ್ಟು ಪಿಂಚಣಿ ನಿಧಿಗೆ ಕಡಿತವಾಗುತ್ತಿತ್ತು. ಹೆಂಡತಿ ಮನೆಯಲ್ಲೇ ಕೂತು ಬಟ್ಟೆ ಹೊಲಿದು ಸರಿಮಾಡಿಕೊಟ್ಟು ಗಳಿಸಿದ್ದರಲ್ಲಿ ಇನ್ನೊಂದಿಷ್ಟು ಬ್ಯಾಂಕಿಗೆ ಹೋಗುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಿದ ಸಂಸಾರ. ಮಗಳ ಮದುವೆ ಆಗಿತ್ತು. ಅವಳ ತಲೆಯ ಮೇಲೆ ಅವಳದೇ ಸಾಲವಿತ್ತು. ಅವಳ ಮುಂದೆ ಕೈ ಚಾಚುವುದಿಲ್ಲವೆಂದು ಇಬ್ಬರೂ ಯಾವತ್ತೋ ಮಾತಾಡಿಕೊಂಡಿದ್ದರು.

ಈಗ ನಿವೃತ್ತಿಯಾದ ಮೇಲೆ ನಿಧಿಯವರು ಎರಡು ದಾರಿ ಮುಂದಿಟ್ಟಿದ್ದರು. ಮೊದಲನೆಯದರಲ್ಲಿ ತಿಂಗಳಿಗೆ ಹೆಚ್ಚು ಹಣ ಬರುತ್ತದೆ, ಆದರೆ ಅವನು ಸತ್ತ ದಿನ ನಿಲ್ಲುತ್ತದೆ. ಎರಡನೆಯದರಲ್ಲಿ ಮೂರರಲ್ಲೊಂದು ಪಾಲು ಕಡಿಮೆ, ಆದರೆ ಇಬ್ಬರಲ್ಲಿ ಒಬ್ಬರು ಉಸಿರಾಡುತ್ತಿರುವವರೆಗೂ ಬರುತ್ತಲೇ ಇರುತ್ತದೆ. ಒಮ್ಮೆ ಸಹಿ ಹಾಕಿದರೆ ಬದಲಾಯಿಸುವಂತಿಲ್ಲ. ಸಹಿ ಹಾಕಲು ಇವತ್ತೇ ಕೊನೆಯ ದಿನ.

ಅವಳು ಮೊದಲು ಹೋಗುವುದಾದರೆ ಮೊದಲನೆಯದು ಸರಿ. ಅವನು ಮೊದಲು ಹೋಗುವುದಾದರೆ ಎರಡನೆಯದು. ಉತ್ತರ ಗೊತ್ತಿದ್ದರೆ ಲೆಕ್ಕ ಸುಲಭ. ಅದಕ್ಕೇ ಅವನು ಡಾಕ್ಟರ ಬಳಿ ಹೋಗಿದ್ದು. ಅವಳೂ ಅದಕ್ಕೇ ಹೋಗಿರಬೇಕು. ವ್ಯತ್ಯಾಸ ಒಂದೇ. ಅವನಿಗೆ ಉತ್ತರ ಸಿಕ್ಕಿರಲಿಲ್ಲ. ಅವಳಿಗೆ ಸಿಕ್ಕಿದ್ದರೆ?

ಮನೆಗೆ ಬಂದಾಗ ಅವಳು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಗೋಡೆಯ ಪಕ್ಕದಲ್ಲಿದ್ದ ಯಂತ್ರ ಈಚೆಗೆ ಕಿಟಕಿಯ ಬಳಿಗೆ ಬಂದಿತ್ತು. ಸೆಖೆಗೆ ಹಾಗೆ ಮಾಡಿರಬೇಕೆಂದು ಅವನು ಅಂದುಕೊಂಡಿದ್ದ.

"ಎಲ್ಲಿಗೆ ಹೋಗಿದ್ರಿ, ತಿಂಡೀನೂ ತಿನ್ನದೆ?"

"ಹೀಗೇ, ನಡೆಯೋಕೆ." ಅವನು ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತ. ಪ್ರಯೋಗಾಲಯದ ಅಭ್ಯಾಸ, ಪ್ರಶ್ನೆಯನ್ನು ಆದಷ್ಟು ತಣ್ಣಗೆ ಕೇಳಬೇಕು, ಕೇಳುವವನ ಕೈ ಉತ್ತರಕ್ಕೆ ತಾಗಬಾರದು. "ಅಂತೂ ಇವತ್ತು ಯಾವುದಕ್ಕೆ ಸಹಿ ಹಾಕೋಣ?"

"ಮೊದಲನೇದಕ್ಕೇ ಹಾಕಿ," ಎಂದಳು ಅವಳು, ತಲೆ ಎತ್ತದೆ.

ಅವನು ಒಂದು ಹೆಜ್ಜೆ ಒಳಗೆ ಬಂದ. "ಹೋದ ವಾರ ಎರಡನೇದು ಅಂದಿದ್ದೆ."

"ಹೋದ ವಾರದ ಮಾತು ಹೋದ ವಾರಕ್ಕಾಯ್ತು."

"ನಡುವೆ ಏನಾಯ್ತು?"

"ಏನೂ ಆಗಲಿಲ್ಲ. ದುಡ್ಡು ಜಾಸ್ತಿ ಬರೋದು ಬೇಡ ಅಂತ ಯಾರಾದ್ರೂ ಅಂತಾರಾ? ಹೋಗಿ, ಕೈ ತೊಳ್ಕೊಳ್ಳಿ. ತಿಂಡಿ ಆರಿಹೋಗುತ್ತೆ."

ತಟ್ಟೆಯ ಮುಂದೆ ಕೂತು ಅವನು ಲೆಕ್ಕ ಹಾಕಿದ. ಹೋದ ವಾರ ಎರಡನೆಯದು, ಮೊನ್ನೆ ಡಾಕ್ಟರ ಭೇಟಿ, ಇವತ್ತು ಮೊದಲನೆಯದು. ಬಾಟಲಿಗೆ ಒಂದೇ ಒಂದು ವಸ್ತು ಸೇರಿತ್ತು, ಬಣ್ಣ ಬದಲಾಗಿತ್ತು. ತಾನೇ ಮೊದಲು ಹೋಗುವುದೆಂದು ಅವಳಿಗೆ ಗೊತ್ತಾಗಿದೆ, ಇದಕ್ಕೆ ಬೇರೆ ಅರ್ಥವೇ ಇರಲಿಲ್ಲ. ಒಂದೇ ಅಳತೆಯನ್ನು ನಂಬಬಾರದೆಂದು ಎಷ್ಟು ಜನ ಹೊಸಬರಿಗೆ ಅವನು ಪಾಠ ಹೇಳಿದ್ದನೋ. ಆದರೆ ಈ ಪ್ರಶ್ನೆಯನ್ನು ಎರಡನೆಯ ಸಲ ಕೇಳಲು ಅವನಿಗೆ ಧೈರ್ಯ ಬರಲಿಲ್ಲ. ಅವಳು ಪಾತ್ರೆ ಎತ್ತಿಡುವಾಗ ಬೆನ್ನು ನೋಡಿದ. ಸೊರಗಿದ್ದಾಳೆಯೆ? ಕುತ್ತಿಗೆ ಮೊದಲೂ ಹೀಗೇ ಇತ್ತೆ? ಇಷ್ಟು ವರ್ಷ ಜೊತೆಯಲ್ಲಿದ್ದೂ ಹೋಲಿಸಿ ನೋಡಲು ಅವನ ಬಳಿ ಏನೂ ಇರಲಿಲ್ಲ.

ಇಬ್ಬರೂ ನಿಧಿಯ ಕಚೇರಿಗೆ ಹೋದಾಗ ಸಾಲು ಮೆಟ್ಟಿಲವರೆಗೂ ಬಂದಿತ್ತು. ಮುಂದೆ ನಿಂತಿದ್ದವನು ಹಳೆಯ ಸಹೋದ್ಯೋಗಿ. ಇಡೀ ನೌಕರಿ ಕೊಳವೆಗಳ ವಾಲ್ವ್ ತಿರುಗಿಸುವುದರಲ್ಲೇ ಕಳೆದದ್ದರಿಂದ ಎಲ್ಲರ ಬಾಯಲ್ಲೂ ಅವನು ವಾಲ್ವಣ್ಣ. ಬೇರೇನೋ ಕಾಗದ ಕೊಡಲು ಬಂದಿದ್ದ.

"ನಾನು ಕಣ್ಣು ಮುಚ್ಚಿಕೊಂಡು ಮೊದಲನೇದೇ ತಗೊಂಡೆ," ಎಂದ ವಾಲ್ವಣ್ಣ. "ನಾನು ಸತ್ರೆ ಎಲ್ಲಾ ನಿಲ್ಲುತ್ತೆ ಅಂತ ಗೊತ್ತಾಗಿದ್ದೇ ತಡ, ಮನೆಯವಳು ಬದಲಾಗಿಬಿಟ್ಲು. ಉಪ್ಪು ಬಂದ್, ಬೀಡಿ ಬಂದ್. ಬೆಳಗಾದ್ರೆ ಅಟ್ಟಿಸಿಕೊಂಡು ವಾಕಿಂಗ್ ಕರ್ಕೊಂಡು ಹೋಗ್ತಾಳೆ. ನನ್ನ ಜನ್ಮದಲ್ಲೇ ಇಷ್ಟು ಪ್ರೀತಿ ಕಂಡಿಲ್ಲ ಮಾರಾಯಾ!"

ಪಕ್ಕದಲ್ಲಿ ನಿಂತಿದ್ದ ಹೆಂಡತಿ ನಕ್ಕಳು. "ಹಾಗಾದ್ರೆ ನಮ್ಮನೇಲೂ ಅದೇ ಆಗಲಿ ವಾಲ್ವಣ್ಣ."

ಅವನು ನಗಲಿಲ್ಲ. ಅವಳ ನಗುವಿನಲ್ಲಿ ಏನಾದರೂ ಬಿರುಕು ಕೇಳಿಸುತ್ತದೆಯೇ ಎಂದು ಕಿವಿಗೊಟ್ಟಿದ್ದ. ಸಾಲು ಒಂದೊಂದು ಹೆಜ್ಜೆ ಮುಂದೆ ಹೋಯಿತು.

ಕೌಂಟರಿನಲ್ಲಿದ್ದ ಹುಡುಗಿ ಚುರುಕಾಗಿದ್ದಳು. "ಯಾವುದು ಸರ್? ಮೊದಲನೇದಾ? ಹಾಗಾದ್ರೆ ಮನೆಯವರ ಒಪ್ಪಿಗೆ ಬೇಕು. ಅಮ್ಮ, ಈ ಗೆರೆ ಮೇಲೆ ನಿಮ್ಮ ಸಹಿ."

ಅವಳು ಪೆನ್ನು ತೆಗೆದುಕೊಂಡು ಬಾಗಿದಳು. ನಿಧಾನವಾಗಿ, ಗುಂಡಗೆ, ಅಚ್ಚಾದ ಅಕ್ಷರಗಳ ಮೇಲೆಯೇ ಹೆಸರು ಬರೆಯತೊಡಗಿದಳು.

"ಅಯ್ಯೋ, ಅಲ್ಲಲ್ಲ ಅಮ್ಮ! ಕೆಳಗೆ, ಕೆಳಗೆ." ಹುಡುಗಿ ಬೇರೆ ಕಾಗದ ಎಳೆದುಕೊಟ್ಟಳು. ಈ ಸಲ ಪೆನ್ನು ಗೆರೆ ದಾಟಿ ಕಾಗದದ ಅಂಚಿಗೆ ಹೋಗಿ ಮೇಜಿನ ಮೇಲೆ ಇಳಿಯಿತು.

"ಕನ್ನಡಕ ತಂದಿಲ್ವಾ ಅಮ್ಮ?"

"ಹಾಕ್ಕೊಂಡೇ ಇದ್ದೀನಲ್ಲಮ್ಮ," ಎಂದಳು ಅವಳು ಮೆಲ್ಲಗೆ.

ಅವನು ಅವಳ ತೋಳು ಹಿಡಿದು ಪಕ್ಕದ ಬೆಂಚಿಗೆ ಕರೆದುಕೊಂಡು ಹೋದ. "ಏನೇ ಇದು?"

"ಪೊರೆ. ಎಡಗಣ್ಣು ಪೂರ್ತಿ ಮಂಜು. ಬಲಗಣ್ಣಲ್ಲೂ ಶುರುವಾಗಿದೆಯಂತೆ."

"ಡಾಕ್ಟರ ಹತ್ರ ಅದಕ್ಕಾ ಹೋಗಿದ್ದೆ?"

"ಮತ್ತಿನ್ಯಾಕೆ? ಪಿಂಚಣಿ ಎಷ್ಟು ಬರುತ್ತೋ ಏನೋ, ಆಪರೇಷನ್ನು ಒಂದೆರಡು ವರ್ಷ ಮುಂದೆ ಹಾಕಬಹುದಾ ಅಂತ ಕೇಳೋಕೆ." ಅವಳು ಥಟ್ಟನೆ ತಿರುಗಿದಳು. "ನಾನು ಹೋಗಿದ್ದು ನಿಮಗೆ ಹೇಗೆ ಗೊತ್ತು?"

ಕಿಟಕಿಯ ಬಳಿಗೆ ಬಂದಿದ್ದ ಯಂತ್ರ ಅವನ ಕಣ್ಣಿಗೆ ಕಟ್ಟಿತು. ಒಳಗೆಲ್ಲೋ ಬಿಗಿದಿದ್ದದ್ದು ಒಮ್ಮೆಲೇ ಸಡಿಲಗೊಂಡು ಅವನು ನಕ್ಕುಬಿಟ್ಟ. ತಡೆಯಲಾಗದ, ನಾಚಿಕೆಗೇಡಿನ ನಗು. ಸಾಲಿನಲ್ಲಿದ್ದವರು ತಿರುಗಿ ನೋಡಿದರು.

"ಹೆಂಡತಿ ಕಣ್ಣು ಹೋಗ್ತಿದೆ ಅಂದ್ರೆ ಹಲ್ಲು ಕಿರಿಯೋ ಗಂಡನ್ನ ಇವತ್ತೇ ನೋಡಿದ್ದು ನಾನು!"

"ಅಲ್ವೇ, ನಾನು... ನೀನು ಸಾಯ್ತೀಯ ಅಂದ್ಕೊಂಡಿದ್ದೆ ಕಣೇ."

"ಸಾಯೋಕೆ ಪುರುಸೊತ್ತೆಲ್ಲಿದೆ? ಮನೇಲಿ ಪ್ಯಾಂಟುಗಳ ರಾಶಿ ಬಿದ್ದಿದೆ." ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಒರೆಸುವಂಥದ್ದೇನೂ ಅದರಲ್ಲಿರಲಿಲ್ಲ. "ನೋಡಿ, ನನ್ನ ಹೊಲಿಗೆ ದುಡ್ಡು ಸೇರಿದ್ರೆ ಎರಡನೇದು ಸಾಲುತ್ತಿತ್ತು. ಹೊಲಿಗೆ ನಿಂತರೆ ಸಾಲಲ್ಲ. ಬಾಡಿಗೆ ಕೊಟ್ಟ ಮೇಲೆ ಏನು ಉಳಿಯುತ್ತೆ, ನೀವೇ ಹೇಳಿ. ಅದಕ್ಕೇ ಮೊದಲನೇದು ಅಂದೆ."

"ನಾನು ಹೋದ ಮೇಲೆ ಏನು ಮಾಡ್ತೀಯ?"

"ಹೋಗಬೇಡಿ."

ಅವನು ನೆಲ ನೋಡಿದ. ನಗು ಬಂದಷ್ಟೇ ಬೇಗ ಹೋಗಿತ್ತು. ಕಣ್ಣು ಕಾಣದ ಹೆಂಗಸು, ಬಾಡಿಗೆ ಮನೆ, ನಿಂತುಹೋದ ಪಿಂಚಣಿ. ಹೋಗುವುದು ಬಿಡುವುದು ಅವನ ಕೈಯಲ್ಲಿರಲಿಲ್ಲ. ಬೆಳಿಗ್ಗೆಯ ಬಿಪಿ ಎಷ್ಟೆಂದು ಅವನು ಅವಳಿಗೆ ಹೇಳಿರಲೂ ಇಲ್ಲ.

"ಬ್ಯಾಂಕಲ್ಲಿ ಇಟ್ಟಿದ್ದೀವಲ್ಲ, ಅದರಲ್ಲಿ ಕಣ್ಣಿನ ಆಪರೇಷನ್ನು ಮಾಡಿಸಿಬಿಡೋಣ," ಎಂದ.

"ಅದು ಕೊನೇಗಾಲಕ್ಕೆ ಅಂತ ಇಟ್ಟಿದ್ದು."

"ಕೊನೇಗಾಲ ಬಂದಿದ್ದು ಕಾಣೋಕಾದ್ರೂ ಕಣ್ಣು ಬೇಕಲ್ಲ."

"ಆಮೇಲೆ ಇನ್ನೇನಾದ್ರೂ ಬಂದ್ರೆ? ನಿಮಗೇ ಏನಾದ್ರೂ ಆದ್ರೆ?"

ಆ ಹಣ ಇಬ್ಬರಲ್ಲಿ ಒಬ್ಬರ ಕಾಯಿಲೆಗೆ ಸಾಲುವಷ್ಟಿತ್ತು, ಅದೂ ಒಂದು ಸಲ.

"ಸರ್, ಕೌಂಟರ್ ಮುಚ್ಚೋ ಹೊತ್ತಾಯ್ತು," ಎಂದು ಹುಡುಗಿ ಕೂಗಿದಳು. "ಏನು ಮಾಡ್ತೀರಾ?"

ಅವನು ಎದ್ದುಹೋಗಿ ಇನ್ನೊಂದು ಕಾಗದ ಕೇಳಿದ. ಎರಡನೆಯದಕ್ಕೆ ಗುರುತು ಹಾಕಿ, ಮತ್ತೆ ಓದಿ, ಮತ್ತೂ ಒಮ್ಮೆ ಓದಿ ಸಹಿ ಮಾಡಿದ. ಹುಡುಗಿ ಮುದ್ರೆ ಒತ್ತಿದ ಸದ್ದಿಗೆ ಬೆಂಚಿನ ಮೇಲಿದ್ದ ಅವಳು ಬೆಚ್ಚಿದ್ದು ಅವನಿಗೆ ಕಂಡಿತು.

ಮನೆ ತಲುಪಿ, ನೀರು ಕುಡಿದು ಲೋಟ ಕುಕ್ಕಿದ ಮೇಲೆ ಅವಳು ಅಂದಳು, "ಹೇಳಿದ ಮಾತು ಕೇಳೋ ಜಾತಿಯಲ್ಲ ನೀವು. ಆಸ್ಪತ್ರೆಯವರು ಆಪರೇಷನ್ನಿಗೆ ದಿನ ಕೊಡೋಕೆ ತಿಂಗಳುಗಟ್ಟಲೆ ಮಾಡ್ತಾರಂತೆ. ಅಲ್ಲೀವರೆಗೂ ಗಿರಾಕಿಗಳನ್ನ ಬಿಡೋಕಾಗಲ್ಲ. ಹೊಲಿಯೋಕೆ ಬೆರಳೇ ಸಾಕು, ಅಭ್ಯಾಸ ಇದೆ. ಆದ್ರೆ ಸೂಜಿಗೆ ದಾರ ಹಾಕೋಕೆ ಮಾತ್ರ ನನ್ನಿಂದ ಆಗ್ತಿಲ್ಲ. ಬನ್ನಿ ಇಲ್ಲಿ. ಇವತ್ತಿಂದ ಆ ಕೆಲಸ ನಿಮ್ಮದು."

"ಕೂಲಿ ಎಷ್ಟು?"

"ಎರಡು ಹೊತ್ತು ಊಟ. ಬೇಡದಿದ್ರೆ ಬೇರೆ ಕಡೆ ನೋಡ್ಕೊಳ್ಳಿ."

ಅವನು ಅವಳೆದುರು ಸ್ಟೂಲಿನ ಮೇಲೆ ಕೂತು ಸೂಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಮುಂದೆ ತಂದ. ಅದು ಸೂಜಿಯ ಕಣ್ಣಿನ ಪಕ್ಕದಲ್ಲಿ ಜಾರಿತು. ಮತ್ತೆ ತಂದ. ಆಗ ಅವನು ನೋಡಿದ, ದಾರ ಅಲುಗುತ್ತಿತ್ತು. ಗಾಳಿ ಇರಲಿಲ್ಲ. ಮೊಣಕೈಯನ್ನು ಮಂಡಿಗೆ ಒತ್ತಿ ಹಿಡಿದರೂ ಬೆರಳ ತುದಿಯ ಸಣ್ಣ ನಡುಕ ನಿಲ್ಲಲಿಲ್ಲ.

"ಆಯ್ತಾ?" ಅವಳು ಅಂಗೈ ಚಾಚಿ ಕಾಯುತ್ತಿದ್ದಳು. ಅವಳ ಮುಖ ಅವನ ಕೈಯ ಕಡೆಗೇ ಇತ್ತು, ಕೈಯನ್ನು ದಾಟಿ ಎಲ್ಲೋ ನೋಡುವಂತೆ.

"ಆಯ್ತು, ಇರು," ಎಂದು ಅವನು ದಾರದ ತುದಿಯನ್ನು ಮತ್ತೆ ತುಟಿಗೆ ಇಟ್ಟುಕೊಂಡ.